ವಾರದ ವರದಿ ಮತ್ತು ಪರಸ್ಪರ ನೆರವು: ಲಿನಕ್ಸ್ ಸಮುದಾಯದ ಕಾರ್ಯವಿಧಾನ

ಪೀಠಿಕೆ

1991ರ ಆಗಸ್ಟ್ 25ರಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅವರು, ತಾವು ರಚಿಸುತ್ತಿದ್ದ ಕಾರ್ಯಾಚರಣ ವ್ಯವಸ್ಥೆಯ ಸುದ್ದಿಯನ್ನು ಮಿನಿಕ್ಸ್ ಬಳಕೆದಾರರಿಗೆ ತಿಳಿಸಿ, ಅದರಲ್ಲಿ ಯಾವ ಯಾವ ಸೌಲಭ್ಯಗಳಿರಬೇಕೆಂದು ಅವರ ಅಭಿಪ್ರಾಯವನ್ನು ಕೇಳಿದರು. ಲಿನಕ್ಸ್‌ನ ಸಾರ್ವಜನಿಕ ಚರಿತ್ರೆ ಹೀಗೆ ಒಂದು ಕೋರಿಕೆಯಿಂದ ಆರಂಭವಾಯಿತೆಂಬುದು ಗಮನಾರ್ಹ. ಒಬ್ಬರನ್ನೊಬ್ಬರು ಕಾಣದ, ಒಂದೇ ಸಂಸ್ಥೆಗೆ ಸೇರದ ಸಾವಿರಾರು ಜನ ಮೂರು ದಶಕಗಳಿಗೂ ಮೀರಿ ಒಂದೇ ಕೆಲಸದಲ್ಲಿ ತೊಡಗಿರುವುದು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಗೆ ಪರವಾನಗಿ, ತಂತ್ರಜ್ಞಾನ, ನಾಯಕತ್ವಗಳ ನೆಲೆಯಿಂದ ಉತ್ತರಿಸುವುದು ವಾಡಿಕೆ. ಇವುಗಳಷ್ಟೇ ಮುಖ್ಯವಾದ ಇನ್ನೊಂದು ಅಂಶವೆಂದರೆ ವಾರಕ್ಕೊಮ್ಮೆ ಮರಳಿ ಬರುವ ಕೆಲಸದ ಲಯ. ಆ ಲಯ, ಅದನ್ನು ಆಧರಿಸಿದ ನೆರವಿನ ಕ್ರಮ ಮತ್ತು ಅದರ ಮಿತಿಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಭಾನುವಾರದ ಬಿಡುಗಡೆ

ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಹೊಸ ಆವೃತ್ತಿ ಸಾಮಾನ್ಯವಾಗಿ ಒಂಬತ್ತು ಅಥವಾ ಹತ್ತು ವಾರಗಳಿಗೊಮ್ಮೆ ಹೊರಬರುತ್ತದೆ. ಮೊದಲ ಎರಡು ವಾರಗಳಲ್ಲಿ ಹೊಸ ಸಂಕೇತಗಳನ್ನು ಸೇರಿಸಿಕೊಳ್ಳಲಾಗುತ್ತದೆ. ಅನಂತರ ಆ ಬಾಗಿಲು ಮುಚ್ಚುತ್ತದೆ. ಉಳಿದ ಅವಧಿಯಲ್ಲಿ ನಡೆಯುವುದು ದೋಷಗಳ ತಿದ್ದುಪಡಿ ಮಾತ್ರ. ಆ ವಾರಗಳಲ್ಲಿ ಪ್ರತಿ ಭಾನುವಾರ ಒಂದು ಪರೀಕ್ಷಾರ್ಥ ಆವೃತ್ತಿಯನ್ನು ಹೊರತರುವುದು ಟೋರ್ವಾಲ್ಡ್ಸ್ ಅವರು ಪಾಲಿಸಿಕೊಂಡು ಬಂದಿರುವ ಪದ್ಧತಿ.

ಈ ಪದ್ಧತಿಯ ಪ್ರಯೋಜನ ಕೇವಲ ತಾಂತ್ರಿಕವಲ್ಲ. ಹಿಂದಿನ ಆವೃತ್ತಿಯಲ್ಲಿ ಸರಿಯಾಗಿ ನಡೆಯುತ್ತಿದ್ದ ಯಂತ್ರವೊಂದು ಹೊಸದರಲ್ಲಿ ಕೆಟ್ಟರೆ, ಅದನ್ನು ಮೊದಲು ಕಾಣುವವನು ಬಳಕೆದಾರ. 2005ರಲ್ಲಿ ಟೋರ್ವಾಲ್ಡ್ಸ್ ಅವರೇ ರಚಿಸಿದ ಗಿಟ್ ತಂತ್ರಾಂಶದಲ್ಲಿ ದೋಷಶೋಧನೆಗೆ ಒಂದು ಸರಳ ವಿಧಾನವಿದೆ. ಒಳ್ಳೆಯದೆಂದು ಗೊತ್ತಿರುವ ಆವೃತ್ತಿಗೂ ಕೆಟ್ಟದ್ದಕ್ಕೂ ನಡುವಿನ ಬದಲಾವಣೆಗಳನ್ನು ಅರ್ಧಕ್ಕೆ ಸೀಳಿ, ಮಧ್ಯದ ಸ್ಥಿತಿಯನ್ನು ಪರೀಕ್ಷಿಸಿ, ದೋಷವಿರುವ ಅರ್ಧವನ್ನು ಮತ್ತೆ ಸೀಳುತ್ತ ಹೋಗುವುದೇ ಆ ವಿಧಾನ. ಹೀಗೆ 10,000 ಬದಲಾವಣೆಗಳ ನಡುವೆ ಅಡಗಿರುವ ಒಂದು ತಪ್ಪನ್ನು ಸುಮಾರು 14 ಪರೀಕ್ಷೆಗಳಲ್ಲಿ ಗುರುತಿಸಬಹುದು. ಇದಕ್ಕೆ ಕರ್ನಲ್‌ನ ಒಳಗನ್ನು ಬಲ್ಲ ಪಾಂಡಿತ್ಯ ಬೇಕಿಲ್ಲ. ಕೆಟ್ಟ ಯಂತ್ರ ಮತ್ತು ತಾಳ್ಮೆ ಇದ್ದರೆ ಸಾಕು. ದೋಷವನ್ನು ವರದಿ ಮಾಡಿದವರ, ಪರೀಕ್ಷಿಸಿದವರ ಹೆಸರುಗಳನ್ನು ತಿದ್ದುಪಡಿಯ ಜೊತೆಯಲ್ಲೇ ದಾಖಲಿಸುವ ಕ್ರಮವೂ ಉಂಟು. ಹೀಗಾಗಿ ಸಂಕೇತ ಬರೆಯದವರ ನೆರವೂ ಚರಿತ್ರೆಯಲ್ಲಿ ಉಳಿಯುತ್ತದೆ.

ಅನಾಥ ಪೊಟ್ಟಣಗಳ ಪಟ್ಟಿ

ಕರ್ನಲ್ ಒಂದರಿಂದಲೇ ಗಣಕ ಬಳಕೆಗೆ ಬರುವುದಿಲ್ಲ. ಅದರೊಡನೆ ಸಾವಿರಾರು ತಂತ್ರಾಂಶಗಳನ್ನು ಒಗ್ಗೂಡಿಸಿ ಕೊಡುವ ಸಂಘಟನೆಗಳಲ್ಲಿ ಡೆಬಿಯನ್ ಪ್ರಮುಖವಾದುದು. ಇದನ್ನು ಇಯಾನ್ ಮರ್ಡಾಕ್ ಅವರು 1993ರ ಆಗಸ್ಟ್ 16ರಂದು ಘೋಷಿಸಿದರು. 1997ರಲ್ಲಿ ಅಂಗೀಕೃತವಾದ ಇದರ ಸಾಮಾಜಿಕ ಒಪ್ಪಂದದಲ್ಲಿ ದೋಷಗಳನ್ನು ಮುಚ್ಚಿಡುವುದಿಲ್ಲ ಎಂಬ ವಾಗ್ದಾನವಿದೆ. ಪ್ರತಿಯೊಂದು ದೋಷವರದಿಯೂ ಎಲ್ಲರೂ ಓದಬಹುದಾದ ದಾಖಲೆಯಾಗುತ್ತದೆ.

ಡೆಬಿಯನ್‌ನಲ್ಲಿ ಪ್ರತಿ ತಂತ್ರಾಂಶದ ಪೊಟ್ಟಣಕ್ಕೂ ಒಬ್ಬ ಪಾಲಕ ಅಥವಾ ಒಂದು ಪಾಲಕ ತಂಡ ಇರುತ್ತದೆ. ಪಾಲಕರು ಸ್ವಯಂಸೇವಕರು. ಉದ್ಯೋಗ, ಸಂಸಾರ, ಅನಾರೋಗ್ಯಗಳಿಂದ ಅವರು ಕೆಲಸ ಬಿಡುವುದು ಸಹಜ. ಹಾಗೆ ಬಿಟ್ಟುಹೋದ ಪೊಟ್ಟಣಗಳನ್ನು 'ಅನಾಥ' ಎಂದೇ ಕರೆಯುತ್ತಾರೆ. ಅನಾಥವಾದವು, ದತ್ತು ಹೋಗಲು ಕಾದಿರುವವು, ಪಾಲಕರಿದ್ದೂ ನೆರವು ಬೇಡುತ್ತಿರುವವು ಎಂದು ವಿಂಗಡಿಸಿದ ಪಟ್ಟಿಯನ್ನು ವಾರಕ್ಕೊಮ್ಮೆ ಪ್ರಕಟಿಸುವ ಪದ್ಧತಿ ಇಲ್ಲಿ ಬೆಳೆಯಿತು. ಕೈಲಾಗದೆಂದು ಹೇಳಿಕೊಳ್ಳುವುದನ್ನು ಅವಮಾನವೆಂದು ಭಾವಿಸದೆ, ಅದನ್ನು ನಿತ್ಯದ ಆಡಳಿತ ಕ್ರಮವನ್ನಾಗಿ ಮಾಡಿದ್ದು ಈ ಪಟ್ಟಿಯ ವಿಶೇಷ. ಹೊಸಬನೊಬ್ಬನಿಗೆ ಸಮುದಾಯದೊಳಕ್ಕೆ ಬರಲು ಇದಕ್ಕಿಂತ ಸುಲಭವಾದ ದಾರಿ ವಿರಳ.

ವಾರಪತ್ರಿಕೆಗಳ ಪಾತ್ರ

ಸಮುದಾಯ ಬೆಳೆದಂತೆ ಅದರೊಳಗಿನ ಚರ್ಚೆಗಳನ್ನೆಲ್ಲ ಓದುವುದು ಯಾರಿಗೂ ಅಸಾಧ್ಯವಾಯಿತು. ಈ ಕೊರತೆಯನ್ನು ವಾರಪತ್ರಿಕೆಗಳು ತುಂಬಿದವು. 1998ರ ಜನವರಿಯಲ್ಲಿ ಜೊನಾಥನ್ ಕಾರ್ಬೆಟ್ ಮತ್ತು ಎಲಿಜಬೆತ್ ಕೂಲ್‌ಬಾ ಅವರು 'ಲಿನಕ್ಸ್ ವೀಕ್ಲಿ ನ್ಯೂಸ್' ಆರಂಭಿಸಿದರು. ಮರುವರ್ಷ ಜೋಯಿ ಹೆಸ್ ಅವರ 'ಡೆಬಿಯನ್ ವೀಕ್ಲಿ ನ್ಯೂಸ್' ಮತ್ತು ಕರ್ನಲ್ ಚರ್ಚೆಗಳನ್ನು ಸಂಗ್ರಹಿಸುತ್ತಿದ್ದ ಜ್ಯಾಕ್ ಬ್ರೌನ್ ಅವರ 'ಕರ್ನಲ್ ಟ್ರಾಫಿಕ್' ಹುಟ್ಟಿದವು. 2006ರಲ್ಲಿ ಉಬುಂಟು ಸಮುದಾಯವೂ ತನ್ನ ವಾರಪತ್ರಿಕೆಯನ್ನು ತಂದಿತು. ಭದ್ರತಾ ತಿದ್ದುಪಡಿಗಳು, ಹೊಸ ಪೊಟ್ಟಣಗಳು, ಭಿನ್ನಾಭಿಪ್ರಾಯಗಳ ಸಾರಾಂಶ, ನೆರವಿನ ಕರೆಗಳು ಇಂಥ ಪತ್ರಿಕೆಗಳ ಸಾಮಾನ್ಯ ಹೂರಣ.

ಇವುಗಳ ಆಯುಸ್ಸು ಮಾತ್ರ ಒಂದೇ ಬಗೆಯದಲ್ಲ. 'ಕರ್ನಲ್ ಟ್ರಾಫಿಕ್' 2005ರಲ್ಲಿ, 'ಡೆಬಿಯನ್ ವೀಕ್ಲಿ ನ್ಯೂಸ್' 2007ರಲ್ಲಿ ನಿಂತವು. ಎರಡನೆಯದರ ಜಾಗದಲ್ಲಿ 2008ರಿಂದ ಬೇರೊಂದು ಪತ್ರಿಕೆ ಬಂದಿತು. 'ಲಿನಕ್ಸ್ ವೀಕ್ಲಿ ನ್ಯೂಸ್' ಕೂಡ 2002ರಲ್ಲಿ ಹಣದ ಅಭಾವದಿಂದ ಮುಚ್ಚುವುದಾಗಿ ಪ್ರಕಟಿಸಿತ್ತು. ಓದುಗರು ತಾವಾಗಿ ದೇಣಿಗೆ ನೀಡಿದ್ದರಿಂದ ಅದು ಉಳಿಯಿತು. ಅದೇ ವರ್ಷ ಚಂದಾ ಪದ್ಧತಿಗೆ ಬದಲಾಯಿತು. ಚಂದಾದಾರರಿಗೆ ಮೀಸಲಾದ ಬರಹಗಳು ಒಂದು ವಾರದ ನಂತರ ಎಲ್ಲರಿಗೂ ತೆರೆಯುತ್ತವೆ. ಬರೆಯುವವರ ಜೀವನೋಪಾಯ ಮತ್ತು ಜ್ಞಾನದ ಮುಕ್ತತೆ ಎರಡನ್ನೂ ಕಾಯುವ ಈ ಏರ್ಪಾಡು ಅಧ್ಯಯನಯೋಗ್ಯವಾಗಿದೆ.

ಮುಯ್ಯಿಗಿಂತ ಭಿನ್ನ

ಪರಸ್ಪರ ನೆರವೆಂದೊಡನೆ ಕನ್ನಡ ಓದುಗರಿಗೆ ನೆನಪಾಗುವುದು ಬೇಸಾಯದ ಮುಯ್ಯಾಳು ಪದ್ಧತಿ. ಅಲ್ಲಿ ಇಂದು ನಿನ್ನ ಹೊಲದಲ್ಲಿ ದುಡಿದವನ ಹೊಲಕ್ಕೆ ನಾಳೆ ನೀನು ಹೋಗಬೇಕು; ಕೊಟ್ಟವರು ಯಾರು, ತೀರಿಸಬೇಕಾದವರು ಯಾರು ಎಂಬುದು ಸ್ಪಷ್ಟ. ಲಿನಕ್ಸ್ ಸಮುದಾಯದಲ್ಲಿ ಈ ಲೆಕ್ಕ ಹೊಂದುವುದಿಲ್ಲ. ಉತ್ತರ ಪಡೆದವನು ಉತ್ತರಿಸಿದವನಿಗೇ ಋಣ ತೀರಿಸುವ ಸಂದರ್ಭ ಅಪರೂಪ. ಅವನು ಮುಂದೆ ಬರುವ ಮೂರನೆಯವನಿಗೆ ನೆರವಾಗುತ್ತಾನೆ, ಅಥವಾ ಆಗುವುದಿಲ್ಲ. ಋಣದ ಲೆಕ್ಕವಿಡುವವರಿಲ್ಲದ ಕಡೆ ಕೆಲವರ ಮೇಲೆ ಮಾತ್ರ ಹೊರೆ ಬೀಳುವ ಸಂಭವ ಹೆಚ್ಚು.

ದಣಿವಿನ ಪ್ರಶ್ನೆ

ಈ ಅಪಾಯದ ಗಾಂಭೀರ್ಯ ಬಯಲಾದದ್ದು 2024ರಲ್ಲಿ. ಆ ವರ್ಷದ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಾಂಶ ತಜ್ಞರು, ಕಡತಗಳನ್ನು ಸಂಕುಚಿಸುವ ಎಕ್ಸ್‌ಝಡ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಗುಪ್ತ ಹಿಂಬಾಗಿಲೊಂದು ಇರುವುದನ್ನು ಬಹಿರಂಗಪಡಿಸಿದರು. ತಮ್ಮ ಡೆಬಿಯನ್ ಯಂತ್ರಕ್ಕೆ ದೂರದಿಂದ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದ್ದುದೇ ಅವರಿಗೆ ದೊರೆತ ಸುಳಿವು. ಆ ಆವೃತ್ತಿಗಳು ಡೆಬಿಯನ್‌ನ ಸ್ಥಿರ ಬಿಡುಗಡೆಯನ್ನು ಇನ್ನೂ ಸೇರಿರಲಿಲ್ಲ.

ಈ ತಂತ್ರಾಂಶವನ್ನು ವರ್ಷಗಳ ಕಾಲ ಬಹುಮಟ್ಟಿಗೆ ಒಬ್ಬರೇ, ವೇತನವಿಲ್ಲದೆ ನೋಡಿಕೊಂಡಿದ್ದರು. ಕೆಲಸ ನಿಧಾನವಾಯಿತೆಂದು ಅಪರಿಚಿತರು ಅವರ ಮೇಲೆ ಒತ್ತಡ ತಂದರು. ಅದೇ ಕಾಲದಲ್ಲಿ ನೆರವಿನ ಹೆಸರಿನಲ್ಲಿ ಬಂದು ವಿಶ್ವಾಸ ಗಳಿಸಿದ ಸಹಪಾಲಕನೇ ಹಿಂಬಾಗಿಲನ್ನು ಸೇರಿಸಿದ್ದ. ಇಲ್ಲಿ ಶೋಷಣೆಗೆ ಗುರಿಯಾದದ್ದು ಮನುಷ್ಯನ ದಣಿವು. ಅದೇ ಸಮಯಕ್ಕೆ ದೋಷ ಪತ್ತೆಯಾದದ್ದೂ, ಕೆಲವೇ ಗಂಟೆಗಳಲ್ಲಿ ತಿದ್ದುಪಡಿಗಳು ಹರಡಿದ್ದೂ ಮುಕ್ತ ಪರಿಶೀಲನೆಯ ಬಲದಿಂದಲೇ. ಒಂದೇ ಘಟನೆಯಲ್ಲಿ ಈ ವ್ಯವಸ್ಥೆಯ ದೌರ್ಬಲ್ಯವೂ ಶಕ್ತಿಯೂ ಒಟ್ಟಿಗೆ ಕಾಣಿಸಿಕೊಂಡವು.

ಕನ್ನಡದ ಸಂದರ್ಭ

ಬೆಂಗಳೂರಿನಲ್ಲಿ 2001ರಲ್ಲಿ ಆರಂಭವಾದ 'ಲಿನಕ್ಸ್ ಬೆಂಗಳೂರು' ಸಮ್ಮೇಳನ 2005ರಲ್ಲಿ 'ಫಾಸ್ ಡಾಟ್ ಇನ್' ಎಂಬ ಹೊಸ ಹೆಸರು ಪಡೆದು 2012ರವರೆಗೆ ನಡೆಯಿತು. ಗ್ನೋಮ್ ಮತ್ತು ಕೆಡಿಇ ಪರಿಸರಗಳ ಕನ್ನಡ ಅನುವಾದ, ಡೆಬಿಯನ್‌ನಲ್ಲಿ ದೊರೆಯುವ 'ಗುಬ್ಬಿ', 'ನವಿಲು' ಅಕ್ಷರಶೈಲಿಗಳು ಸ್ವಯಂಸೇವೆಯ ಫಲಗಳು. ಅನುವಾದವೆಂಬುದು ಒಮ್ಮೆ ಮುಗಿಸಿ ಕೈತೊಳೆದುಕೊಳ್ಳುವ ಕೆಲಸವಲ್ಲ. ಪ್ರತಿ ಹೊಸ ಆವೃತ್ತಿಯಲ್ಲೂ ಹೊಸ ವಾಕ್ಯಗಳು ಸೇರುತ್ತವೆ. ಅನುವಾದಕರಿಲ್ಲದಿದ್ದರೆ ಕನ್ನಡದ ಪರದೆಯ ಮೇಲೆ ಇಂಗ್ಲಿಷ್ ಮೆಲ್ಲಮೆಲ್ಲನೆ ಮರಳಿ ಬರುತ್ತದೆ. ಪಾಲಕರಿಲ್ಲದ ಭಾಷೆಯೂ ಒಂದು ಅನಾಥ ಪೊಟ್ಟಣವೇ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ವಾರದ ಬಿಡುಗಡೆ, ವಾರದ ಪಟ್ಟಿ, ವಾರದ ಪತ್ರಿಕೆಗಳು ಚದುರಿದ ಜನರಿಗೆ ಒಂದು ಸಮಾನ ಕಾಲಮಾನವನ್ನು ಒದಗಿಸಿ, ಎಲ್ಲಿ ಯಾರ ನೆರವು ಬೇಕೆಂಬುದನ್ನು ಕಣ್ಣಿಗೆ ಕಾಣುವಂತೆ ಮಾಡುತ್ತವೆ. ಎರಡನೆಯದು, ಈ ಲಯವನ್ನು ಕಾಪಾಡುವ ಶ್ರಮ ಸ್ವತಃ ಕಣ್ಣಿಗೆ ಬೀಳುವುದಿಲ್ಲ. ಅದು ನಿಂತಾಗ ಮಾತ್ರ ಅದರ ಬೆಲೆ ತಿಳಿಯುತ್ತದೆ. ಆದ್ದರಿಂದ ಮುಕ್ತ ತಂತ್ರಾಂಶವನ್ನು ಬಳಸುವ ಗ್ರಂಥಾಲಯಗಳು, ವಿಶ್ವವಿದ್ಯಾಲಯಗಳು, ಸರ್ಕಾರಿ ಇಲಾಖೆಗಳು ತಂತ್ರಾಂಶವನ್ನು ಪಡೆದುಕೊಂಡಷ್ಟೇ ಶ್ರದ್ಧೆಯಿಂದ ಅದರ ಪಾಲಕರ ಕಡೆಗೂ ಗಮನ ಹರಿಸಬೇಕಾಗಿದೆ. ದೋಷವೊಂದನ್ನು ಕ್ರಮವಾಗಿ ವರದಿ ಮಾಡುವುದು, ಕೆಲವು ವಾಕ್ಯಗಳನ್ನು ಅನುವಾದಿಸುವುದು, ಪತ್ರಿಕೆಯೊಂದಕ್ಕೆ ಚಂದಾದಾರರಾಗುವುದು ಇವೂ ಆ ಗಮನದ ರೂಪಗಳೇ ಆಗಿವೆ.