ಪೆನ್‌ಡ್ರೈವ್ ಕಳೆದರೂ ಒಳಗಿನ ಮಾಹಿತಿ ಕಾಯುವುದು ಹೇಗೆ?

ಪ್ರಶ್ನೆ: ಬ್ಯಾಂಕ್, ಆಧಾರ್ ದಾಖಲೆಗಳೆಲ್ಲ ಪೆನ್‌ಡ್ರೈವ್‌ನಲ್ಲಿವೆ. ನನ್ನ ಕಂಪ್ಯೂಟರ್‌ಗೆ ಪಾಸ್‌ವರ್ಡ್ ಹಾಕಿದ್ದೇನೆ. ಅಷ್ಟು ಸಾಲದೇ?

ಉತ್ತರ: ಖಂಡಿತ ಸಾಲದು. ಆ ಪಾಸ್‌ವರ್ಡ್ ಕಾಯುವುದು ಕಂಪ್ಯೂಟರನ್ನು ಮಾತ್ರ. ಪೆನ್‌ಡ್ರೈವ್ ಯಾರ ಕಂಪ್ಯೂಟರ್‌ಗೆ ಚುಚ್ಚಿದರೂ ತೆರೆದುಕೊಳ್ಳುತ್ತದೆ. 2017ರಲ್ಲಿ ಹೀಥ್ರೂ ವಿಮಾನ ನಿಲ್ದಾಣದ ಸಾವಿರಕ್ಕೂ ಹೆಚ್ಚು ಫೈಲುಗಳಿದ್ದ ಪೆನ್‌ಡ್ರೈವ್ ಒಂದು ಕಳೆದುಹೋಯಿತು. ಸಿಕ್ಕವರು ಗ್ರಂಥಾಲಯದ ಕಂಪ್ಯೂಟರ್‌ನಲ್ಲಿ ಅದನ್ನು ತೆರೆದು ನೋಡಿದರು. ಎನ್‌ಕ್ರಿಪ್ಶನ್ ಇರಲಿಲ್ಲ, ಪಾಸ್‌ವರ್ಡೂ ಇರಲಿಲ್ಲ. ಮರುವರ್ಷ ನಿಲ್ದಾಣದ ಕಂಪನಿಗೆ 1,20,000 ಪೌಂಡ್ ದಂಡ ಬಿತ್ತು.

ಎನ್‌ಕ್ರಿಪ್ಶನ್ ಮಾಡಿದರೆ ಕೀಲಿಯಿಲ್ಲದವರಿಗೆ ಕಾಣುವುದು ಅರ್ಥವಿಲ್ಲದ ಅಂಕಿಗಳ ರಾಶಿ. ಅಮೆರಿಕ 2001ರಲ್ಲಿ ಮಾನದಂಡವಾಗಿ ಒಪ್ಪಿಕೊಂಡ ಎಇಎಸ್ ವಿಧಾನವೇ ಇಂದಿಗೂ ಹೆಚ್ಚಿನ ಕಡೆ ಬಳಕೆಯಲ್ಲಿದೆ. ಅದನ್ನು ಮುರಿಯುವುದಕ್ಕಿಂತ ನಿಮ್ಮ ಪಾಸ್‌ವರ್ಡ್ ಊಹಿಸುವುದೇ ಸುಲಭ. ಹಾಗಾಗಿ ಹುಟ್ಟಿದ ದಿನಾಂಕ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳನ್ನು ಜೋಡಿಸಿ.

ವಿಂಡೋಸ್ ಪ್ರೊ ಇದ್ದರೆ ಅದರಲ್ಲೇ ಬಿಟ್‌ಲಾಕರ್ ಇದೆ. ಹೋಮ್ ಆವೃತ್ತಿಯವರಿಗೆ ಉಚಿತವಾದ ವೆರಾಕ್ರಿಪ್ಟ್ ಒಳ್ಳೆಯದು. ಮ್ಯಾಕ್, ಲಿನಕ್ಸ್‌ನಲ್ಲೂ ನಡೆಯುತ್ತದೆ. ಹಳೆಯ ಪೆನ್‌ಡ್ರೈವ್ ಆದರೆ ಬಿಟ್‌ಲಾಕರ್‌ನಲ್ಲಿ 'ಇಡೀ ಡ್ರೈವ್' ಎಂಬುದನ್ನೇ ಆರಿಸಿ, ಏಕೆಂದರೆ ಅಳಿಸಿದ ಫೈಲುಗಳು ಖಾಲಿ ಕಾಣುವ ಜಾಗದಲ್ಲಿ ಇನ್ನೂ ಉಳಿದಿರುತ್ತವೆ.

ಬಿಟ್‌ಲಾಕರ್ ಕೊಡುವ 48 ಅಂಕಿಗಳ ರಿಕವರಿ ಕೀಯನ್ನು ಮುದ್ರಿಸಿ ಮನೆಯ ಬೀರುವಿನಲ್ಲಿಡಿ. ಪಾಸ್‌ವರ್ಡ್ ಮರೆತು ಅದೂ ಕಳೆದುಹೋದರೆ ನಿಮ್ಮ ಫೈಲುಗಳು ನಿಮಗೂ ಸಿಗುವುದಿಲ್ಲ.