ಎರಡು ಕೌದಿ ಹೊದ್ದರೂ ಬೆನ್ನಿಗೇಕೆ ಚಳಿ?

"ಡಾಕ್ಟರೇ, ಎರಡು ಕೌದಿ ಹೊದ್ದು ಮಲಗಿದರೂ ಬೆಳಗಿನ ಜಾವ ಬೆನ್ನು ತಣ್ಣಗಾಗಿ ಎಚ್ಚರವಾಗುತ್ತದೆ. ಮೈಯಲ್ಲಿ ಏನಾದರೂ ದೋಷವಿದೆಯೇ?"

ಚಳಿಗಾಲ ಬಂತೆಂದರೆ ಈ ಪ್ರಶ್ನೆ ಕೇಳುವವರು ಇದ್ದೇ ಇರುತ್ತಾರೆ. ಹೊಲ ಕಾಯಲು ಹೊರಸಿನ ಮೇಲೆ ಮಲಗುವ ಹಿರಿಯರು ಕೇಳುತ್ತಾರೆ. ರಜೆಯಲ್ಲಿ ಆನೆಗೊಂದಿ, ಸಾಣಾಪುರದ ಕಡೆ ತಿರುಗಾಟಕ್ಕೆ ಹೋಗಿ, ಎರಡು ಮರಗಳ ನಡುವೆ ಹ್ಯಾಮಕ್ ಎಂಬ ಬಟ್ಟೆಯ ತೂಗುಹಾಸಿಗೆ ಕಟ್ಟಿ ಮಲಗಿ ಬಂದ ಕಾಲೇಜು ಹುಡುಗರೂ ಕೇಳುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ದೋಷ ಇರುವುದು ಮೈಯಲ್ಲಲ್ಲ, ಹಾಸಿಗೆಯ ಅಡಿಯಲ್ಲಿ.

ಕೊಪ್ಪಳ ಜಿಲ್ಲೆಯೆಂದರೆ ಬಿಸಿಲ ನಾಡು ಎಂಬ ಭಾವನೆ ನಮ್ಮಲ್ಲಿದೆ. ಬೇಸಿಗೆಯ ಮಟ್ಟಿಗೆ ಅದು ನಿಜ. ಆದರೆ ಡಿಸೆಂಬರ್, ಜನವರಿಯಲ್ಲಿ ಮಂಗಳೂರು (ಕಡಲ ದಂಡೆಯದಲ್ಲ, ನಮ್ಮ ಜಿಲ್ಲೆಯದು), ಯಲಬುರ್ಗಾ, ಕುಷ್ಟಗಿ ಕಡೆಯ ಎರಿಹೊಲದ ಬಯಲಿನಲ್ಲಿ ನಿಂತು ನೋಡಿ. ಮಧ್ಯಾಹ್ನ ಅಂಗಿ ಬೆವರಿಗೆ ಅಂಟುತ್ತದೆ. ಬೆಳಗಿನ ಜಾವ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿದಿರುತ್ತದೆ. ಗಾಳಿಗೆ ಅಡ್ಡ ನಿಲ್ಲುವ ಗುಡ್ಡವಿಲ್ಲ, ಮರಗಳೂ ಕಡಿಮೆ. ನಿದ್ರೆಯಲ್ಲಿ ದೇಹದ ಒಳಗಿನ ಶಾಖವೂ ತುಸು ತಗ್ಗಿ, ಬೆಳಗಿನ ನಾಲ್ಕು, ಐದು ಗಂಟೆಯ ಹೊತ್ತಿಗೆ ಅತ್ಯಂತ ಕೆಳಮಟ್ಟದಲ್ಲಿರುತ್ತದೆ. ಹೊರಗಿನ ಚಳಿ ಹೆಚ್ಚುವುದೂ ಅದೇ ಹೊತ್ತಿಗೆ.

"ಥಂಡಿ ಕೆಳಗಿನಿಂದ ಮೈಗೆ ಏರುತ್ತದೆ" ಎನ್ನುತ್ತಾರೆ. ವಾಸ್ತವವಾಗಿ ಥಂಡಿ ಏರುವುದಿಲ್ಲ. ನಮ್ಮ ಮೈಯ ಶಾಖ ಹೊರಗೆ ಹೋಗುತ್ತದೆ. ಕೌದಿ ತಾನಾಗಿ ಬಿಸಿ ಹುಟ್ಟಿಸುವ ವಸ್ತುವಲ್ಲ. ಹಳೆಯ ಸೀರೆ, ಧೋತರಗಳ ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಶಾಖವನ್ನು ತಡೆದು ನಿಲ್ಲಿಸುತ್ತದೆ. ಅದೇ ಕೌದಿಯನ್ನು ಮೈಯಡಿ ಹಾಸಿದರೆ ನಮ್ಮ ಭಾರಕ್ಕೆ ಪದರಗಳು ಅಮುಕಿ ಗಾಳಿ ಹೊರಹೋಗುತ್ತದೆ. ಉಳಿಯುವುದು ಬರೀ ಬಟ್ಟೆ. ನೆಲದ ಮೇಲೆ ಮಲಗಿದವರಿಗೆ ಕೊನೆಯ ಪಕ್ಷ ಅಡಿಯಲ್ಲಿ ಗಾಳಿ ಆಡುವುದಿಲ್ಲ. ಹೊರಸು, ಹ್ಯಾಮಕ್, ಕೂಸಿನ ಸೀರೆಯ ಜೋಲಿ ಈ ಮೂರರಲ್ಲಿಯೂ ಅಡಿಯಲ್ಲಿ ಗಾಳಿ ಸದಾ ಹರಿಯುತ್ತಿದ್ದು, ಬೆನ್ನಿನ ಶಾಖವನ್ನು ಕ್ಷಣಕ್ಷಣವೂ ಒಯ್ಯುತ್ತಿರುತ್ತದೆ. ಆಗ ಮೇಲೆ ಮೂರನೆಯ ಕೌದಿ ಹೊದ್ದು ಪ್ರಯೋಜನವಿಲ್ಲ.

ಹೊರಸಿಗೆ ಉಪಾಯ ಸುಲಭ. ಗೋಣಿಚೀಲದಲ್ಲಿ ಒಣಗಿದ ಭತ್ತದ ಹುಲ್ಲು ತುಂಬಿ ಹಾಸಿದರೆ ಸಾಕು. ಹುಲ್ಲಿನ ಕಡ್ಡಿ ಕೌದಿಯಷ್ಟು ಅಮುಕುವುದಿಲ್ಲ, ಒಳಗೆ ಗಾಳಿ ಉಳಿಯುತ್ತದೆ. ಗಂಗಾವತಿ ಕಡೆಯವರಿಗೆ ಹುಲ್ಲಿಗೇನು ಬರವೇ? ಗಾಳಿ ಬೀಸುವ ಬದಿಯಲ್ಲಿ ಹೊರಸಿನ ಕಾಲುಗಳಿಗೆ ಒಂದು ತಾಡಪತ್ರಿ ಕಟ್ಟಿದರೆ ಇನ್ನೂ ಒಳ್ಳೆಯದು.

ಹ್ಯಾಮಕ್‌ಗೆ ಈ ಉಪಾಯ ಸಾಗದು. ಅದು ಬಾಗಿದ ಬಟ್ಟೆ. ಒಳಗೆ ಏನು ಹಾಸಿದರೂ ರಾತ್ರಿ ಸರಿದು ಒಂದು ಮಗ್ಗುಲಿಗೆ ಸೇರುತ್ತದೆ. ಅದಕ್ಕಾಗಿ ಚಳಿ ದೇಶಗಳಲ್ಲಿ ಕಾಡಿನಲ್ಲಿ ತಂಗುವವರು ಒಂದು ಹೊದಿಕೆಯನ್ನು ಹ್ಯಾಮಕ್‌ನ ಹೊರಮೈಗೆ, ಕೆಳಗಿನಿಂದ ತೂಗುಹಾಕುತ್ತಾರೆ. ಅವರು ಅದನ್ನು ಅಂಡರ್‌ಕ್ವಿಲ್ಟ್ ಎನ್ನುತ್ತಾರೆ, ನಾವು ಕೆಳಗೌದಿ ಎನ್ನೋಣ. ಮೈಭಾರ ಹ್ಯಾಮಕ್‌ನ ಬಟ್ಟೆಯ ಮೇಲಿರುತ್ತದೆ, ಕೆಳಗೌದಿಯ ಮೇಲೆ ಬೀಳುವುದಿಲ್ಲ. ಆದ್ದರಿಂದ ಅದರೊಳಗಿನ ಗಾಳಿ ಹಾಗೆಯೇ ಉಳಿದು ಬೆನ್ನು ಬೆಚ್ಚಗಿರುತ್ತದೆ.

ಕಟ್ಟುವ ಕ್ರಮ

ಕೆಳಗೌದಿ ಕಟ್ಟಿದೆವು, ಆದರೂ ಚಳಿ ಹೋಗಲಿಲ್ಲ ಎನ್ನುವವರು ಸಾಮಾನ್ಯವಾಗಿ ಖಾಲಿ ಹ್ಯಾಮಕ್‌ಗೆ ಅದನ್ನು ಕಟ್ಟಿರುತ್ತಾರೆ. ಮನುಷ್ಯ ಮಲಗಿದೊಡನೆ ಹ್ಯಾಮಕ್ ಕೆಳಗಿಳಿದು ಆಕಾರ ಬದಲಾಗುತ್ತದೆ. ಹೀಗಾಗಿ ಒಬ್ಬರು ಮಲಗಿರಬೇಕು, ಇನ್ನೊಬ್ಬರು ಕಟ್ಟಬೇಕು. ಮಲಗುವಾಗ ನೆಟ್ಟಗೆ ಉದ್ದಕ್ಕೆ ಮಲಗದೆ ತುಸು ಓರೆಯಾಗಿ ಮಲಗಿ. ಬೆನ್ನು ಬಿಲ್ಲಿನಂತೆ ಬಾಗುವುದು ಕಡಿಮೆಯಾಗಿ ಬೆಳಿಗ್ಗೆ ಸೊಂಟ ಹಿಡಿಯುವುದಿಲ್ಲ. ಕೆಳಗೌದಿಯನ್ನೂ ಅದೇ ಓರೆಗೆ, ಭುಜದಿಂದ ಮೊಣಕಾಲಿನವರೆಗಾದರೂ ಬರುವಂತೆ ಹೊಂದಿಸಬೇಕು.

ಎಷ್ಟು ಬಿಗಿ ಇರಬೇಕು ಎಂಬುದೇ ಮುಖ್ಯ ಪ್ರಶ್ನೆ. ಹ್ಯಾಮಕ್‌ಗೂ ಕೆಳಗೌದಿಗೂ ನಡುವೆ ಅಂಗೈ ತೂರಿಸಿ ಬೆನ್ನಿನುದ್ದಕ್ಕೂ ಸರಿಸಿ ನೋಡಿ. ಎರಡೂ ಬಟ್ಟೆ ಕೈಗೆ ಹಗುರವಾಗಿ ತಾಗುತ್ತಿರಬೇಕು. ಕೈ ಯಾವುದಕ್ಕೂ ತಾಗದೆ ಆಡಿದರೆ ಸಡಿಲವಾಯಿತು: ಆ ಸಂದಿಯಲ್ಲಿ ಗಾಳಿ ಹರಿದು ಇಡೀ ಬೆನ್ನು ತಣ್ಣಗಾಗುತ್ತದೆ. ಕೈ ತೂರುವುದೇ ಕಷ್ಟವಾದರೆ ಅತಿ ಬಿಗಿಯಾಯಿತು: ಕೌದಿ ಅಮುಕಿ ಭುಜ ಮತ್ತು ಪೃಷ್ಠದ ಬಳಿ ಮಾತ್ರ ಚಳಿ ಹತ್ತುತ್ತದೆ. ಚಳಿ ಎಲ್ಲಿ ಎಂಬುದರಿಂದಲೇ ತಪ್ಪು ಯಾವುದೆಂದು ತಿಳಿಯಬಹುದು. ರೋಗಿಗೆ ನೋವೆಲ್ಲಿ ಎಂದು ನಾವು ಕೇಳುವ ಹಾಗೆಯೇ ಇದು.

ತಲೆ ಮತ್ತು ಕಾಲಿನ ಕಡೆಯ ಅಂಚುಗಳನ್ನು ಚೀಲದ ಬಾಯಿಯಂತೆ ಲಾಡಿ ಎಳೆದು ಮುಚ್ಚಬೇಕು. ಇದನ್ನು ಮರೆಯುವವರೇ ಹೆಚ್ಚು. ಆಗ ಗಾಳಿ ಒಂದು ತುದಿಯಲ್ಲಿ ನುಗ್ಗಿ ಇನ್ನೊಂದರಲ್ಲಿ ಹೊರಡುತ್ತದೆ. ನಾಲ್ಕು ಮೂಲೆಗಳನ್ನು ಬರಿ ಹಗ್ಗದಿಂದ ಬಿಗಿಯುವ ಬದಲು ನಡುವೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸೇರಿಸಿದರೆ ನೀವು ಮಗ್ಗುಲು ಬದಲಿಸಿದಾಗ ಕೌದಿಯೂ ಜೊತೆಗೇ ಹಿಗ್ಗಿ ಕುಗ್ಗುತ್ತದೆ. ಅಂಗಡಿಯ ಅಂಡರ್‌ಕ್ವಿಲ್ಟ್ ಹಗುರ, ನಮ್ಮ ಕೌದಿ ಭಾರ. ಅದು ನಡುವೆ ಜೋಲುತ್ತದೆ. ಸೊಂಟದ ನೇರಕ್ಕೆ ಎರಡೂ ಬದಿಯಲ್ಲಿ ಇನ್ನೊಂದೊಂದು ಕಟ್ಟು ಹಾಕಿ. ಹಗ್ಗ ಭಾರಕ್ಕೆ ಸಡಿಲವಾಗುವುದರಿಂದ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಕೈಯಾಡಿಸಿ ನೋಡುವುದು ಒಳ್ಳೆಯದು.

ಇಬ್ಬನಿ ಬೀಳುವ ರಾತ್ರಿ ಹತ್ತಿಯ ಕೌದಿ ನೆನೆದರೆ ಅದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು. ಅಲ್ಲಿ ಕುರಿಗಾಹಿಗಳ ಕರಿಕಂಬಳಿಯೇ ಮೇಲು. ಉಣ್ಣೆ ತುಸು ಒದ್ದೆಯಾದರೂ ಬೆಚ್ಚಗಿಡುವ ಗುಣವನ್ನು ಪೂರ್ತಿ ಕಳೆದುಕೊಳ್ಳುವುದಿಲ್ಲ. ಇನ್ನೊಂದು ಮಾತು: ಆನೆಗೊಂದಿಯ ಬೆಟ್ಟಗಳಲ್ಲಿ ಚಿರತೆ, ಕರಡಿಗಳಿವೆ. ಮಕ್ಕಳು ಎಲ್ಲಿ ತಂಗುತ್ತಾರೆ, ಅಲ್ಲಿ ಅನುಮತಿ ಇದೆಯೇ ಎಂದು ತಂದೆತಾಯಿ ಮೊದಲೇ ಕೇಳಿಕೊಳ್ಳಬೇಕು.

ಯಾರಿಗೆ ಅಪಾಯ?

ಆರೋಗ್ಯವಂತ ಯುವಕನಿಗೆ ಒಂದು ರಾತ್ರಿಯ ಚಳಿ ನಿದ್ರೆಗೇಡೇ ಹೊರತು ರೋಗವಲ್ಲ. ವಯಸ್ಸಾದವರ ಮಾತು ಬೇರೆ. ಅವರಿಗೆ ನಡುಕ ತಡವಾಗಿ ಬರುತ್ತದೆ, ಚಳಿಯ ಅರಿವೂ ಕಡಿಮೆ. ಚಳಿಗೆ ರಕ್ತನಾಳಗಳು ಸಂಕುಚಿತಗೊಂಡು ರಕ್ತದೊತ್ತಡ ಏರುತ್ತದೆ. ಹೃದ್ರೋಗ, ಉಬ್ಬಸ ಇದ್ದವರು ಬಯಲಲ್ಲಿ ಮಲಗದಿರುವುದೇ ಕ್ಷೇಮ. ಕೊಪ್ಪಳದ ಗವಿಮಠದ ಜಾತ್ರೆಯೂ ಈ ಚಳಿಯಲ್ಲೇ ಬರುವುದರಿಂದ, ಅಜ್ಜ ಅಜ್ಜಿಯರನ್ನು ಕರೆದೊಯ್ಯುವವರು ಹೊದಿಕೆಯಷ್ಟೇ ಹಾಸಿಗೆಯನ್ನೂ ಒಯ್ಯಬೇಕು. ಸಾರಾಯಿ ಕುಡಿದರೆ ಮೈ ಬೆಚ್ಚಗಾಗುತ್ತದೆ ಎಂಬುದು ಶುದ್ಧ ಭ್ರಮೆ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಇದ್ದ ಶಾಖವನ್ನೂ ಹೊರಗೆ ಬಿಡುತ್ತದೆ. ಮುಚ್ಚಿದ ಗುಡಿಸಲು, ಟೆಂಟುಗಳಲ್ಲಿ ಇದ್ದಿಲಿನ ಶೆಗಡಿ ಇಟ್ಟು ಮಲಗುವುದಂತೂ ಸಾವನ್ನು ಕರೆದಂತೆ. ಇಂಗಾಲದ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಈಗ ಕೂಸಿನ ವಿಷಯ. ಕಡಲೆ ಕೀಳಲು, ಜೋಳ ಕೊಯ್ಯಲು ನಸುಕಿನಲ್ಲೇ ಹೊಲಕ್ಕೆ ಹೋಗುವ ತಾಯಂದಿರು ಬೇವು, ಜಾಲಿ ಮರಕ್ಕೆ ಸೀರೆಯ ಜೋಲಿ ಕಟ್ಟುತ್ತಾರೆ. ನೆಲದಲ್ಲಿ ಇರುವೆ, ಚೇಳು, ಹಾವಿನ ಭಯ. ಅವರನ್ನು ತಪ್ಪೆನ್ನಲಾಗದು. ಆದರೆ ಮೇಲೆ ಎಷ್ಟು ಹೊದಿಸಿದರೂ ಒಂದೇ ಪದರ ಸೀರೆಯ ಅಡಿಯಿಂದ ಕೂಸಿನ ಬೆನ್ನು ತಣ್ಣಗಾಗುತ್ತಿರುತ್ತದೆ. ಎಳೆಗೂಸಿಗೆ ನಮ್ಮಂತೆ ನಡುಗಿ ಶಾಖ ಹುಟ್ಟಿಸಿಕೊಳ್ಳುವ ಶಕ್ತಿಯಿಲ್ಲ. ಇಲ್ಲಿಯೂ ಅದೇ ಕ್ರಮ: ಸಣ್ಣ ಕೌದಿಯನ್ನು ಜೋಲಿಯ ಹೊರಗೆ, ಕೆಳಗಿನಿಂದ, ಹಗುರವಾಗಿ ತಾಗುವಂತೆ ಕಟ್ಟಿ. ಒಳಗೆ ದಿಂಬು, ಸಡಿಲ ಬಟ್ಟೆ ಬೇಡ, ಮುಖ ತೆರೆದಿರಲಿ, ಲಾಡಿಯ ತುದಿ ಕೂಸಿನ ಕೈಗೆ ಸಿಗದಿರಲಿ. ಬಿಸಿಲೇರಿದ ಮೇಲೆ ಕೌದಿ ಬಿಚ್ಚಬೇಕು. ಕುತ್ತಿಗೆ ಬೆವರಿದರೆ ಅದು ಅತಿಯಾಯಿತೆಂದೇ ಅರ್ಥ.

ಜೋಲಿಯಲ್ಲಿ ಕೂಸಿನ ಗದ್ದ ಎದೆಗೆ ಬಾಗಿದರೆ ಉಸಿರಾಟಕ್ಕೆ ಅಡಚಣೆಯಾಗುತ್ತದೆ. ಆದ್ದರಿಂದ ಅದು ಹೊಲದಲ್ಲಿ ಸ್ವಲ್ಪ ಹೊತ್ತು, ಕಣ್ಣೆದುರಿಗೆ ಮಾತ್ರ. ರಾತ್ರಿಯ ನಿದ್ರೆಗೆ ಸಮತಟ್ಟಾದ, ಮೆತ್ತಗಲ್ಲದ ಹಾಸಿಗೆಯೇ ಬೇಕು, ಕೂಸನ್ನು ಅಂಗಾತ ಮಲಗಿಸಬೇಕು. ಹೊರಳಲು ಕಲಿತ ಮಗುವಿಗೆ ಜೋಲಿ ಬೇಡವೇ ಬೇಡ.

ಆಗಾಗ ಹಿಂಗೈಯಿಂದ ಕೂಸಿನ ಹೊಟ್ಟೆ ಮತ್ತು ಪಾದ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿ ಹತ್ತುತ್ತಿದೆ. ಕೂಡಲೇ ಎದೆಗವಚಿಕೊಂಡು ಹಾಲು ಕೊಡಿ. ಎರಡೂ ತಣ್ಣಗಿದ್ದರೆ, ಕೂಸು ಮಂಕಾಗಿ ಹಾಲು ಬಿಟ್ಟರೆ, ಅಥವಾ ಕಂಕುಳಿನ ಉಷ್ಣತೆ 35.5 ಡಿಗ್ರಿಗಿಂತ ಕಡಿಮೆಯಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೊರಡಬೇಕು. ದಾರಿಯುದ್ದಕ್ಕೂ ಕೂಸಿನ ಬರಿಮೈ ತಾಯಿಯ ಬರಿ ಎದೆಗೆ ಅಂಟಿಕೊಂಡಿರಲಿ, ತಲೆಗೆ ಕುಲಾವಿ ಇರಲಿ, ಇಬ್ಬರನ್ನೂ ಸೇರಿಸಿ ಕಂಬಳಿ ಸುತ್ತಿ.