ಕರೆಂಟ್ ಕಾರಿಗೆ ಮುಂಚೆ ಕರೆಂಟ್ ಬಿಲ್

ಹೊಸೂರಿನ ಸುತ್ತಮುತ್ತ ವಿದ್ಯುತ್ ವಾಹನ ಹೊಸ ವಿಷಯವೇನಲ್ಲ. ಟಿವಿಎಸ್ ಐಕ್ಯೂಬ್ ಸ್ಕೂಟರ್ ಇಲ್ಲೇ ತಯಾರಾಗುತ್ತದೆ. 2021ರಲ್ಲಿ ಏಥರ್ ತನ್ನ ಕಾರ್ಖಾನೆಯನ್ನು ಬೆಂಗಳೂರಿನಿಂದ ಹೊಸೂರಿಗೆ ತಂದಿತು. ಅದೇ ವರ್ಷ ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿ ಕಡೆ ಓಲಾ ಕಾರ್ಖಾನೆ ಎದ್ದಿತು, ಆಮೇಲೆ ಶೂಲಗಿರಿಗೆ ಸಿಂಪಲ್ ಎನರ್ಜಿ ಬಂತು. ಬಾಗಲೂರು, ಬೇರಿಗೆ, ಕೆಲಮಂಗಲದ ಹುಡುಗಿಯರು ಬೆಳಗಾಗುವ ಮುಂಚೆ ಕಂಪನಿ ಬಸ್ಸು ಹತ್ತಿ ಬ್ಯಾಟರಿ, ಮೋಟಾರು ಜೋಡಿಸುವ ಕೆಲಸಕ್ಕೆ ಹೋಗುತ್ತಾರೆ. ಇಷ್ಟಿದ್ದರೂ ಮನೆಗೊಂದು ಎಲೆಕ್ಟ್ರಿಕ್ ಕಾರು ಎಂದರೆ ಜನ ಹಿಂದೆಮುಂದೆ ನೋಡುತ್ತಾರೆ. ಸ್ಕೂಟರಿಗೆ ಹಾಕುವ ದುಡ್ಡೇ ಬೇರೆ, ಕಾರಿಗೆ ಹಾಕುವ ಹತ್ತು ಹದಿನೈದು ಲಕ್ಷವೇ ಬೇರೆ. ಅದು ಮಕ್ಕಳ ಓದಿನ ಹಣ, ಹಿರಿಯರ ಔಷಧಿಯ ಹಣ.

ನಮ್ಮ ಮನೆಯಲ್ಲೂ ಈ ಮಾತು ಬಂದಾಗ ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಲೆಕ್ಕಪತ್ರ ನೋಡುವವಳು. ಕಾರ್ಖಾನೆಯ ಕರೆಂಟ್ ಬಿಲ್ ಕಟ್ಟಿ ಕಟ್ಟಿ ಯೂನಿಟ್ಟು, ಲೋಡು, ದರಪಟ್ಟಿ ಎಲ್ಲ ಅಭ್ಯಾಸವಾಗಿದೆ. ಶೋರೂಮಿನವರು ಬ್ಯಾಟರಿಯ ಗಾತ್ರ, ಟಚ್ ಸ್ಕ್ರೀನು, ಸನ್‌ರೂಫು ಎಂದು ಮಾತಾಡುತ್ತಿದ್ದರೆ ನನಗೆ ಬೇಕಾಗಿದ್ದದ್ದು ಎರಡೇ ಉತ್ತರ. ರಾತ್ರಿ ಈ ಕಾರು ಎಲ್ಲಿ ನಿಲ್ಲುತ್ತದೆ? ತಿಂಗಳಿಗೆ ಎಷ್ಟು ಓಡುತ್ತದೆ? ಈ ಎರಡು ಗೊತ್ತಾದರೆ ಮಿಕ್ಕಿದ್ದನ್ನು ಹೇಗೋ ತೀರ್ಮಾನಿಸಬಹುದು ಎಂಬುದು ನನ್ನ ನಂಬಿಕೆ.

ನಮ್ಮ ರಾಜ್ಯದ ಬಿಲ್ಲಿನ ರೀತಿ ಬೆಂಗಳೂರಿನ ನೆಂಟರಿಗೆ ಗೊತ್ತಿರುವುದಿಲ್ಲ, ಅಲ್ಲಿಂದಲೇ ಶುರುಮಾಡುತ್ತೇನೆ. ತಮಿಳುನಾಡಿನಲ್ಲಿ ಮನೆಗಳಿಗೆ ಎರಡು ತಿಂಗಳಿಗೊಮ್ಮೆ ಬಿಲ್. ಮೊದಲ 100 ಯೂನಿಟ್ ಉಚಿತ. 2024ರ ಜುಲೈಯಲ್ಲಿ ನಿಗದಿಯಾದ ದರದಂತೆ 400 ಯೂನಿಟ್‌ವರೆಗೆ 4.80 ರೂಪಾಯಿ, ಅಲ್ಲಿಂದ 500ರವರೆಗೆ 6.45, ಮುಂದಿನ ನೂರಕ್ಕೆ 8.55, 601ರಿಂದ 800ರವರೆಗೆ 9.65, ಸಾವಿರದವರೆಗೆ 10.70, ಸಾವಿರ ದಾಟಿದರೆ 11.80. ಒಟ್ಟು ಬಳಕೆ 500ರ ಒಳಗಿದ್ದರೆ ಎರಡನೆಯ ನೂರು ಯೂನಿಟ್‌ಗೆ ಸುಮಾರು ಅರ್ಧ ದರವಷ್ಟೇ. 500 ದಾಟಿತೋ, ಆ ರಿಯಾಯಿತಿಯೂ ಹೋಯಿತು. ಹಾಗಾಗಿ ಹೊಸೂರಿನ ಮನೆಗಳಿಗೆ 500 ಎಂಬುದು ದೊಡ್ಡ ಗೆರೆ. ನಮ್ಮತ್ತೆ ಸಂಜೆ ವರಾಂಡದ ದೀಪ ಆರಿಸುವುದೂ ಈ ಗೆರೆಯ ಭಯಕ್ಕೇ.

ಈಗ ಕಾರಿಗೆ ಬರೋಣ. ನಾಲ್ಕೈದು ಜನ ಕೂರುವ ಸಾಧಾರಣ ಎಲೆಕ್ಟ್ರಿಕ್ ಕಾರು ಒಂದು ಯೂನಿಟ್‌ಗೆ ಏಳು ಕಿಲೋಮೀಟರ್ ಆಚೀಚೆ ಓಡುತ್ತದೆ. ಗೋಡೆಯ ಪ್ಲಗ್ಗಿನಿಂದ ಬ್ಯಾಟರಿಗೆ ಹೋಗುವಾಗ ನೂರಕ್ಕೆ ಹತ್ತು ಹನ್ನೆರಡು ಭಾಗ ಶಾಖವಾಗಿ ನಷ್ಟವಾಗುತ್ತದೆ, ಮೀಟರ್ ಅದನ್ನೂ ಎಣಿಸುತ್ತದೆ. ಆದ್ದರಿಂದ ಮೀಟರಿನ ಲೆಕ್ಕದಲ್ಲಿ ಯೂನಿಟ್‌ಗೆ ಆರೂಕಾಲು ಕಿಲೋಮೀಟರ್ ಎಂದಿಟ್ಟುಕೊಳ್ಳುವುದು ಸರಿ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವರಿಗೆ ಎರಡು ತಿಂಗಳಿಗೆ 320 ಯೂನಿಟ್ ಬೇಕು. ಅವರ ಮನೆಯ ಬಳಕೆ ಈಗಾಗಲೇ 300 ಇದ್ದರೆ ಒಟ್ಟು 620. ಗೆರೆ ದಾಟಿತು. ಕಳೆದುಹೋದ ರಿಯಾಯಿತಿ ಸೇರಿಸಿದರೆ ಬಿಲ್ ಸುಮಾರು 2,400 ರೂಪಾಯಿ ಏರುತ್ತದೆ, ಕಿಲೋಮೀಟರಿಗೆ 1 ರೂಪಾಯಿ 20 ಪೈಸೆ. ಮನೆಯಲ್ಲಿ ಎಸಿ, ಗೀಸರ್ ಎಲ್ಲ ಇದ್ದು ಮೊದಲೇ 500 ಬಳಸುವವರಿಗೆ ಇದೇ 320 ಯೂನಿಟ್ 3,200 ರೂಪಾಯಿ ದಾಟುತ್ತದೆ. ಪೆಟ್ರೋಲು ಲೀಟರಿಗೆ ನೂರು ದಾಟಿ ಬಹಳ ಕಾಲವಾಯಿತು. ಲೀಟರಿಗೆ ಹದಿನೈದು ಕಿ.ಮೀ. ಕೊಡುವ ಕಾರಿಗೆ ಕಿಲೋಮೀಟರಿಗೆ ಆರೂಮುಕ್ಕಾಲು ರೂಪಾಯಿ ಬೀಳುತ್ತದೆ. ದುಬಾರಿ ಸ್ಲ್ಯಾಬಿನಲ್ಲಿ ಚಾರ್ಜ್ ಮಾಡಿದರೂ ಕರೆಂಟೇ ಅಗ್ಗ, ಅದರಲ್ಲಿ ಅನುಮಾನವಿಲ್ಲ. ಎಷ್ಟು ಅಗ್ಗ ಎಂಬುದು ಮಾತ್ರ ಒಂದೊಂದು ಮನೆಗೆ ಒಂದೊಂದು ತರ.

ಇದೆಲ್ಲ ಮನೆಯಲ್ಲೇ ಚಾರ್ಜ್ ಮಾಡುವವರ ಮಾತು. ಹೆದ್ದಾರಿಯ ವೇಗದ ಚಾರ್ಜರಿನಲ್ಲಿ ಯೂನಿಟ್‌ಗೆ ಜಿಎಸ್‌ಟಿ ಸೇರಿ ಇಪ್ಪತ್ತು ರೂಪಾಯಿಯ ಆಸುಪಾಸು ತೆರಬೇಕು. ಆಗ ಕಿಲೋಮೀಟರಿಗೆ ಮೂರು ರೂಪಾಯಿ. ದಿನವೂ ಅಲ್ಲೇ ಹೋಗಿ ಕಾಯುವುದಾದರೆ ಹಣವೂ ಹೋಯಿತು, ಹೊತ್ತೂ ಹೋಯಿತು.

ನಮ್ಮ ಮನೆ ಬಾಗಲೂರು ರಸ್ತೆಯ ಕಡೆ, ಸ್ವಂತದ್ದು. ಗೇಟಿನ ಒಳಗೆ ಕಾರು ನಿಲ್ಲಿಸಲು ಜಾಗವಿದೆ. ಎಲೆಕ್ಟ್ರಿಷಿಯನ್ ಬಂದು ನೋಡಿ ಮೊದಲು ಹೇಳಿದ ಮಾತು ಅರ್ಥಿಂಗ್ ಬಗ್ಗೆ. ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗಿಬಿಡುತ್ತದಂತೆ. ಅದು ದೋಷವಲ್ಲ, ನಮ್ಮನ್ನು ಕಾಯುವ ವ್ಯವಸ್ಥೆ. ಮೀಟರ್ ಬೋರ್ಡಿನಿಂದ ಗ್ಯಾರೇಜಿಗೆ ಪ್ರತ್ಯೇಕ ದಪ್ಪ ತಂತಿ ಎಳೆಯಬೇಕು, 16 ಆಂಪಿಯರ್ ಪ್ಲಗ್ ಪಾಯಿಂಟ್ ಹಾಕಬೇಕು, ಇ.ಬಿ. (ವಿದ್ಯುತ್ ಮಂಡಳಿ) ಕಚೇರಿಯಲ್ಲಿ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಬೇಕು. ಗೋಡೆಗೆ ಹಾಕುವ 7.2 ಕಿಲೋವ್ಯಾಟ್ ಚಾರ್ಜರ್ ಬೇಕೇಬೇಕು ಎಂದು ಮಾರುವವರು ಹೇಳುತ್ತಾರೆ. ಸಾಧಾರಣ ಪ್ಲಗ್ಗಿನಿಂದಲೇ ಗಂಟೆಗೆ ಸುಮಾರು ಮೂರು ಯೂನಿಟ್ ಹೋಗುತ್ತದೆ. ರಾತ್ರಿ ಎಂಟು ಗಂಟೆ ಹಾಕಿಟ್ಟರೆ ನೂರೈವತ್ತು ಕಿಲೋಮೀಟರ್ ಓಡುವಷ್ಟು ತುಂಬುತ್ತದೆ. ಹೊಸೂರಿನಿಂದ ಬೆಂಗಳೂರಿಗೆ ನಲವತ್ತು ಕಿ.ಮೀ., ಹೋಗಿ ಬಂದರೂ ಮಿಗುತ್ತದೆ. ತಿಂಗಳಿಗೊಮ್ಮೆ ನಿರ್ವಹಣೆಗೆಂದು ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ಕರೆಂಟ್ ತೆಗೆಯುವ ದಿನವೂ ರಾತ್ರಿಯ ಚಾರ್ಜಿಗೆ ಅಡ್ಡಿಯಿಲ್ಲ.

"ಏನಮ್ಮಾ, ನಡುದಾರೀಲಿ ಕರೆಂಟ್ ಮುಗಿದ್ರೆ ನನ್ನ ಆಸ್ಪತ್ರೆಗೆ ಎತ್ಕೊಂಡ್ ಹೋಗ್ತೀರಾ?" ಎಂದು ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆ. ಕಂಪನಿ ಹೇಳುವ ದೂರ ಪ್ರಯೋಗಶಾಲೆಯ ಲೆಕ್ಕ. ಟಾಟಾ ನೆಕ್ಸಾನ್‌ನ 45 ಯೂನಿಟ್ ಬ್ಯಾಟರಿಯ ಕಾರಿಗೆ ಪರೀಕ್ಷೆಯ ಸಂಖ್ಯೆ 489 ಕಿ.ಮೀ.; ನಿಜವಾಗಿ ಓಡಿಸಿದಾಗ 350ರಿಂದ 370 ಎಂದು ಕಂಪನಿಯೇ ಹೇಳಿದೆ. ಯಾವ ಕಾರೇ ಆಗಲಿ, ಹೇಳಿದ ದೂರದಲ್ಲಿ ನೂರಕ್ಕೆ ಎಪ್ಪತ್ತು ಹಿಡಿದುಕೊಂಡರೆ ಮೋಸವಾಗದು. ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಹೋದರೆ ಅದಕ್ಕಿಂತ ಕಡಿಮೆ. ಬೆಂಗಳೂರಿನ ಸಿಲ್ಕ್ ಬೋರ್ಡಿನ ದಟ್ಟಣೆಯಲ್ಲಿ ಪೆಟ್ರೋಲ್ ಕಾರು ನಿಂತಲ್ಲೇ ಎಣ್ಣೆ ಸುಟ್ಟರೆ, ಎಲೆಕ್ಟ್ರಿಕ್ ಕಾರು ಪ್ರತಿ ಸಲ ವೇಗ ಇಳಿಸುವಾಗಲೂ ಒಂದಿಷ್ಟು ಶಕ್ತಿಯನ್ನು ಬ್ಯಾಟರಿಗೆ ವಾಪಸು ತುಂಬಿಕೊಳ್ಳುತ್ತದೆ.

ನಮ್ಮ ಸೀಮೆಯ ಏರಿಳಿತಕ್ಕೂ ಕಾರು ಓಡುವ ದೂರಕ್ಕೂ ನಂಟಿದೆ. ಹೊಸೂರು ಎತ್ತರದ ಊರು, ಶೂಲಗಿರಿ ದಾಟಿ ಕೃಷ್ಣಗಿರಿಗೆ ಹೋಗುವಷ್ಟರಲ್ಲಿ ಮುನ್ನೂರೈವತ್ತು ನಾನೂರು ಮೀಟರ್ ಇಳಿದಿರುತ್ತೇವೆ. ಮಾವಿನ ಕಾಲದಲ್ಲಿ ಅತ್ತೆಯ ತವರಿಗೆ ಹೋಗುವ ಈ ಐವತ್ತು ಕಿ.ಮೀ.ಗೆ ಇಳಿಯುವಾಗ ಖರ್ಚು ಕಡಿಮೆ. ವಾಪಸು ಬರುವಾಗ ತುಂಬಿದ ಕಾರನ್ನು ಅಷ್ಟೆತ್ತರಕ್ಕೆ ಏರಿಸಲು ಸುಮಾರು ಎರಡು ಯೂನಿಟ್ ಹೆಚ್ಚು ಬೇಕು, ಅಂದರೆ ಹದಿನಾಲ್ಕು ಕಿಲೋಮೀಟರಿನ ಶಕ್ತಿ. ಹೋಗುವಾಗ ಇಷ್ಟೇ ಆಯಿತಲ್ಲ ಎಂದು ಬರುವುದಕ್ಕೂ ಅಷ್ಟನ್ನೇ ಉಳಿಸಿಕೊಂಡರೆ ಸಾಲದು. ಹೊಸೂರಿನ ತಂಪು ಹವೆ ಬ್ಯಾಟರಿಯ ಆಯಸ್ಸಿಗೆ ಒಳ್ಳೆಯದು, ಎಸಿಯ ಖರ್ಚೂ ಕಡಿಮೆ.

ಯೋಚಿಸಬೇಕಾದ ದಾರಿ ಡೆಂಕಣಿಕೋಟೆಯಿಂದ ಅಂಚೆಟ್ಟಿ ಮೇಲೆ ಹೊಗೇನಕಲ್ ಕಡೆಗಿನದು. ಆನೆ ಓಡಾಡುವ ಕಾಡು. ಆ ಕಡೆ ಹೋಗುವ ದಿನ ಮನೆಯಲ್ಲೇ ಪೂರ್ತಿ ತುಂಬಿಸಿಕೊಂಡು, ಕತ್ತಲಾಗುವ ಮುಂಚೆ ಕಾಡು ದಾಟುವಂತೆ ಹೊರಡಬೇಕು. ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವುದಾದರೂ ಅಷ್ಟೇ, ಬೆಟ್ಟ ಹತ್ತುವ ಮುಂಚೆ ಚಾರ್ಜ್ ಎಲ್ಲಿ ಎಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಸೇಲಂ, ಬೆಂಗಳೂರು ಹೆದ್ದಾರಿಯಲ್ಲಿ ಈ ಚಿಂತೆಯಿಲ್ಲ.

ಬೆಂಕಿಯ ಭಯವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರುಗಳು ಹೊತ್ತಿಕೊಂಡವು, ಹೊಸೂರಿನಲ್ಲೂ ಒಂದು ಉರಿಯಿತು. ಅದಾದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತೆಯ ನಿಯಮಗಳನ್ನು ಬಿಗಿಮಾಡಿತು. ಈಗ ಹಲವು ಕಾರುಗಳಲ್ಲಿರುವ ಎಲ್‌ಎಫ್‌ಪಿ ಎಂಬ ಬಗೆಯ ಬ್ಯಾಟರಿ ತೂಕ ಜಾಸ್ತಿ, ಆದರೆ ಬಿಸಿಗೆ ಬೇಗ ಕೆರಳುವುದಿಲ್ಲ, ಬಾಳಿಕೆಯೂ ಹೆಚ್ಚು. ಬ್ಯಾಟರಿ ವಿಭಾಗದಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಹುಡುಗಿ ಹೇಳಿದ್ದು: "ಅಕ್ಕಾ, ಯಾವ ಬ್ಯಾಟರಿ ಅಂತ ಮೊದ್ಲು ಕೇಳಿ. ಎಲ್‌ಎಫ್‌ಪಿ ಆದ್ರೆ ಆಗಾಗ ನೂರು ತುಂಬಿಸ್ಬೇಕು. ಬೇರೇದಾದ್ರೆ ದಿನಾ ಎಂಬತ್ತಕ್ಕೇ ನಿಲ್ಲಿಸಿ." ಶೋರೂಮಿನಲ್ಲಿ ಯಾರೂ ನನಗೆ ಇಷ್ಟು ಸರಳವಾಗಿ ಹೇಳಿರಲಿಲ್ಲ.

ತೆರಿಗೆಯ ಲೆಕ್ಕವೂ ಸಣ್ಣದಲ್ಲ. 2019ರ ಆಗಸ್ಟ್‌ನಿಂದ ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಶೇ. 5. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ತೆರಿಗೆಯೂ ಶೇ. 18ಕ್ಕೆ ಇಳಿದದ್ದರಿಂದ ಎರಡರ ನಡುವಿನ ಅಂತರ ಎಲೆಕ್ಟ್ರಿಕ್ ಕಾರಿಗೆ ಮೊದಲಿನಷ್ಟು ಅನುಕೂಲವಾಗಿಲ್ಲ. ಅದನ್ನು ಒಂದಿಷ್ಟು ತುಂಬಿಕೊಡುವುದು ರಸ್ತೆ ತೆರಿಗೆ. ತಮಿಳುನಾಡಿನಲ್ಲಿ 5ರಿಂದ 10 ಲಕ್ಷದ ಕಾರಿಗೆ ಶೇ. 13, 10ರಿಂದ 20 ಲಕ್ಷದ್ದಕ್ಕೆ ಶೇ. 15 ಎಂದು 2023ರಲ್ಲಿ ಏರಿಸಿದರು. ಬ್ಯಾಟರಿ ವಾಹನಗಳಿಗೆ ಪೂರ್ತಿ ವಿನಾಯಿತಿ ಕೊಡುತ್ತ ಬಂದಿದ್ದಾರೆ. ಇದು ಗಡುವು ಹಾಕಿ ಹೊರಡಿಸುವ ಆದೇಶ, ಹಾಗಾಗಿ ಬುಕ್ ಮಾಡುವ ವಾರ ಆರ್‌ಟಿಒದಲ್ಲಿ ಕೇಳಿಯೇ ಮುಂದುವರಿಯಿರಿ. ಕರ್ನಾಟಕದಲ್ಲಿ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ 2024ರಲ್ಲಿ ಶೇ. 10 ತೆರಿಗೆ ಬಂತು. ಅತ್ತಿಬೆಲೆ ಆಚೆ ನೆಂಟರ ವಿಳಾಸ ಕೊಟ್ಟು ಕೆಎ ನಂಬರ್ ಹಾಕಿಸುವ ಹಳೆಯ ಪದ್ಧತಿ ಬೇಡ. ಹೊಸೂರಿನಲ್ಲಿ ವಾಸವಿರುವವರಿಗೆ ಟಿಎನ್ 70 ನ್ಯಾಯವೂ ಹೌದು, ಲಾಭವೂ ಹೌದು. ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಒಂದೂವರೆ ಲಕ್ಷ ವಿನಾಯಿತಿ ಸಿಗುತ್ತದೆ ಎಂದು ಈಗಲೂ ಹೇಳುವವರಿದ್ದಾರೆ. ಅದು 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ ಇತ್ತು.

ಪೆಟ್ರೋಲ್ ಕಾರು 10 ಲಕ್ಷ, ಅದೇ ಅಳತೆಯ ಎಲೆಕ್ಟ್ರಿಕ್ 13 ಲಕ್ಷ ಎಂದಿಟ್ಟುಕೊಳ್ಳಿ. ಪೆಟ್ರೋಲ್ ಕಾರಿನ ರಸ್ತೆ ತೆರಿಗೆ 1.3 ಲಕ್ಷ ಉಳಿದರೆ ನಿಜವಾದ ವ್ಯತ್ಯಾಸ 1.7 ಲಕ್ಷ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವರು ಇದನ್ನು ಎರಡೂವರೆ ಮೂರು ವರ್ಷದಲ್ಲಿ ವಾಪಸು ಪಡೆಯುತ್ತಾರೆ. ತಿಂಗಳಿಗೆ ನಾನೂರು ಓಡಿಸುವವರಿಗೆ ಆರು ವರ್ಷ ಬೇಕು. ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಹೊಸ ಪದ್ಧತಿಯೂ ಬಂದಿದೆ. 2024ರ ಸೆಪ್ಟೆಂಬರಿನಲ್ಲಿ ಎಂಜಿ ವಿಂಡ್ಸರ್ ಬಂದಾಗ ಕಾರಿಗೆ 9.99 ಲಕ್ಷ, ಬ್ಯಾಟರಿಗೆ ಕಿಲೋಮೀಟರಿಗೆ 3.50 ರೂಪಾಯಿ ಎಂದರು. ಬಾಡಿಗೆಗೆ ಕರೆಂಟಿನ ಖರ್ಚು ಸೇರಿಸಿದರೆ ನಾಲ್ಕೂಮುಕ್ಕಾಲು ರೂಪಾಯಿ ಆಗುತ್ತದೆ. ಮೊದಲ ದಿನ ಕೈಯಿಂದ ಹೋಗುವ ಹಣ ಕಡಿಮೆ ಎಂಬುದೊಂದೇ ಅದರ ಗುಣ, ನನಗೆ ಅದು ಒಪ್ಪಿಗೆಯಾಗಲಿಲ್ಲ.

ನಮ್ಮ ಮನೆಯ ಲೆಕ್ಕ ನಡುವೆ ಬದಲಾಯಿತು. ಯಜಮಾನರ ಕಚೇರಿ ಜಯನಗರದಲ್ಲಿ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮೆಟ್ರೊ ಶುರುವಾಯಿತು. ಈಗ ಅವರು ಬೊಮ್ಮಸಂದ್ರದವರೆಗೆ ಬೈಕಿನಲ್ಲಿ ಹೋಗಿ ರೈಲು ಹತ್ತುತ್ತಾರೆ. ದಿನದ ಓಡಾಟ ತಪ್ಪಿದ್ದರಿಂದ ಕಾರಿಗೆ ಉಳಿದದ್ದು ಅತ್ತೆಯ ಆಸ್ಪತ್ರೆ, ತಳಿ ಕಡೆಯ ತೋಟ, ಮದುವೆ ಮುಂಜಿ, ಎಲ್ಲ ಸೇರಿ ತಿಂಗಳಿಗೆ ಆರುನೂರು ಕಿ.ಮೀ. ಓಟ ಕಡಿಮೆಯಾದರೆ ಎಲೆಕ್ಟ್ರಿಕ್ ಕಾರಿನ ಲಾಭ ಕಡಿಮೆಯಾಗಬೇಕು, ಆಗಿದೆ ಕೂಡ. ಆದರೆ ಆರುನೂರಕ್ಕೆ ಎರಡು ತಿಂಗಳಿಗೆ 192 ಯೂನಿಟ್ ಸಾಕು. ಮನೆಯ 300 ಸೇರಿ 492. ಗೆರೆಯ ಒಳಗೇ ಉಳಿದೆವು, ಕಿಲೋಮೀಟರಿಗೆ ತೊಂಬತ್ತು ಪೈಸೆ! ಹೆಚ್ಚಿಗೆ ಕೊಟ್ಟ ಹಣ ನಾಲ್ಕು ವರ್ಷಕ್ಕೆ ಹುಟ್ಟುತ್ತದೆ. ಬ್ಯಾಟರಿಗೆ ಸಾಮಾನ್ಯವಾಗಿ ಎಂಟು ವರ್ಷದ ವಾರಂಟಿ ಇದೆ. ಮುಂದೆ ಛಾವಣಿಗೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಹಾಯಧನವಿದೆ, ದಿನಕ್ಕೆ ಹನ್ನೆರಡು ಯೂನಿಟ್‌ನಷ್ಟು ಉತ್ಪತ್ತಿ. ಕಾರಿನ ಪಾಲು ಅದರಲ್ಲೇ ತೀರುತ್ತದೆ.

ಮರುಮಾರಾಟದ ಬೆಲೆ ಎಷ್ಟು ಬರುತ್ತದೆ ಎಂದು ಮೈದುನ ಕೇಳುತ್ತಲೇ ಇದ್ದಾನೆ. ಹಳೆಯ ಎಲೆಕ್ಟ್ರಿಕ್ ಕಾರಿನ ಪೇಟೆ ನಮ್ಮ ಕಡೆ ಇನ್ನೂ ಚಿಕ್ಕದು, ಅದು ನಿಜ. ಹತ್ತು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದವರು ಮಾತ್ರ ಕೈಹಾಕಬೇಕು. 2001ರಲ್ಲಿ ಇದೇ ಹೊಸೂರು ರಸ್ತೆಯ ಬೊಮ್ಮಸಂದ್ರದಿಂದ ಚೇತನ್ ಮೈನಿಯವರ ರೇವಾ ಹೊರಬಂದಾಗ ಅದು ಸೀಸದ ಬ್ಯಾಟರಿಯಲ್ಲಿ ಎಂಬತ್ತು ಕಿ.ಮೀ. ಓಡುವ ಪುಟ್ಟ ಕಾರು. ಅಲ್ಲಿಂದ ಇಲ್ಲಿಗೆ ಬ್ಯಾಟರಿ ಎಷ್ಟು ಬೆಳೆದಿದೆ ಎಂದು ಕಂಡಿದ್ದೇವೆ. ಇನ್ನೈದು ವರ್ಷಕ್ಕೆ ಇನ್ನೂ ಒಳ್ಳೆಯದು ಬಂದೀತು, ನಮ್ಮ ಕಾರು ಹಳೆಯದಾದೀತು. ಅದಕ್ಕೆ ಕಾಯುತ್ತ ಕೂತರೆ ಅತ್ತೆಯ ಆಸ್ಪತ್ರೆ ಕಾಯುವುದಿಲ್ಲ.

ನಾವು ಕೊಳ್ಳುವುದೆಂದು ತೀರ್ಮಾನಿಸಿದ್ದೇವೆ. 35ರಿಂದ 40 ಯೂನಿಟ್ ಬ್ಯಾಟರಿಯದು ಸಾಕು, ದೊಡ್ಡ ಬ್ಯಾಟರಿಗೆ ಇನ್ನೆರಡು ಲಕ್ಷ ಕೊಡುವುದಿಲ್ಲ. ಮೊದಲು ಅರ್ಥಿಂಗ್ ಮತ್ತು ಲೋಡ್, ಆಮೇಲೆ ಬುಕಿಂಗ್. ನಿಮ್ಮದೂ ಸ್ವಂತ ಮನೆಯಾಗಿದ್ದು, ಗೇಟಿನೊಳಗೆ ಕಾರು ನಿಲ್ಲುವಂತಿದ್ದು, ತಿಂಗಳಿಗೆ ಐನೂರು ಕಿಲೋಮೀಟರಿಗೆ ಕಡಿಮೆಯಿಲ್ಲದೆ ಓಡಿಸುವವರಾದರೆ ಧೈರ್ಯವಾಗಿ ಕೊಳ್ಳಿ. ಬಾಡಿಗೆ ಮನೆಯಲ್ಲಿದ್ದು ಕಾರನ್ನು ಬೀದಿಯಲ್ಲಿ ನಿಲ್ಲಿಸುವವರು ಮಾತ್ರ ಈಗಲೇ ಕೊಳ್ಳಬೇಡಿ. ಮನೆ ಮಾಲೀಕರಿಂದ ಒಂದು ಪ್ಲಗ್ ಪಾಯಿಂಟಿಗೆ ಒಪ್ಪಿಗೆ ಸಿಗುವವರೆಗೆ ಪೆಟ್ರೋಲ್ ಕಾರೇ ನಿಮಗೆ ಅನುಕೂಲ.